ಹ್ಯಾಮಕ್ ಕಟ್ಟುವ ಮುನ್ನ: ಹಗ್ಗವೋ, ಪಟ್ಟಿಯೋ?

ದಾಂಡೇಲಿ: ಎರಡು ಮರಗಳ ನಡುವೆ ಹ್ಯಾಮಕ್ ಕಟ್ಟಿ, ಕಾಳಿ ನದಿಯ ಸದ್ದು ಕೇಳುತ್ತ ಮಲಗುವುದು ದಾಂಡೇಲಿ, ಜೋಯಿಡಾ ಕಡೆಗೆ ಬರುವ ಪ್ರವಾಸಿಗರಿಗೆ ಅಚ್ಚುಮೆಚ್ಚು. ಆದರೆ ಈ ತೂಗುಹಾಸಿಗೆಯನ್ನು ಕೊಳ್ಳುವಾಗ ಬಟ್ಟೆಯ ಬಣ್ಣ, ಅಳತೆಗಳನ್ನು ನೋಡುವವರೇ ಹೆಚ್ಚು. ಅದನ್ನು ಮರಕ್ಕೆ ಬಿಗಿಯುವ ಸಾಧನದತ್ತ ಗಮನ ಹರಿಸುವವರು ಕಡಿಮೆ. ಮಲಗಿದವರ ಬೆನ್ನುಮೂಳೆಯ ಕ್ಷೇಮವೂ ಹೊತ್ತ ಮರದ ಆಯುಷ್ಯವೂ ಆ ಸಾಧನವನ್ನೇ ಅವಲಂಬಿಸಿವೆ.

ಹ್ಯಾಮಕ್ ಮೂಲತಃ ಕೆರಿಬಿಯನ್ ದ್ವೀಪಗಳ ಟೈನೊ ಜನರದು. 1492ರಲ್ಲಿ ಅಲ್ಲಿಗೆ ತಲುಪಿದ ಕೊಲಂಬಸ್‌ನ ತಂಡದ ಮೂಲಕ ಅದು ಯುರೋಪಿಗೆ ಪರಿಚಯವಾಗಿ, ಮುಂದೆ ನಾವಿಕರ ಹಾಸಿಗೆಯಾಯಿತು. ನಮ್ಮ ನಾಡಿಗೂ ತೂಗುವ ಹಾಸಿಗೆ ಅಪರಿಚಿತವಲ್ಲ. ಗದ್ದೆಯ ಕೆಲಸಕ್ಕೆ ಬಂದ ತಾಯಂದಿರು ಬದುವಿನ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವುದುಂಟು. ಆದರೆ ಜೋಲಿಗೂ ಹ್ಯಾಮಕ್‌ಗೂ ಒಂದು ಮುಖ್ಯ ವ್ಯತ್ಯಾಸವಿದೆ. ಜೋಲಿಯ ಎರಡೂ ತುದಿಗಳು ಒಂದೇ ಕೊಂಬೆಯಿಂದ ನೇರವಾಗಿ ಕೆಳಗಿಳಿಯುವುದರಿಂದ ಪ್ರತಿ ತುದಿಯೂ ಒಟ್ಟು ತೂಕದ ಅರ್ಧವನ್ನಷ್ಟೇ ಹೊರುತ್ತದೆ. ಹ್ಯಾಮಕ್ ಎರಡು ಮರಗಳನ್ನು ಅಡ್ಡಕ್ಕೆ ಎಳೆಯುತ್ತದೆ. ಇಲ್ಲಿ ಹಗ್ಗದ ಮೇಲೆ ಬೀಳುವ ಬಲವನ್ನು ತೂಕದ ಜೊತೆಗೆ ಕೋನವೂ ನಿರ್ಧರಿಸುತ್ತದೆ.

ಬಿಗಿದಷ್ಟೂ ಅಪಾಯ

ಹ್ಯಾಮಕ್ ಜೋತುಬೀಳಬಾರದೆಂದು ಹಗ್ಗವನ್ನು ಎಳೆದು ಬಿಗಿಯುವುದು ಸಾಮಾನ್ಯ ತಪ್ಪು. 80 ಕಿಲೊ ತೂಕದ ವ್ಯಕ್ತಿ ಮಲಗಿದಾಗ ಹಗ್ಗವು ನೆಲಕ್ಕೆ ಸಮಾನಾಂತರವಾದ ರೇಖೆಯಿಂದ 30 ಡಿಗ್ರಿ ಓರೆಯಾಗಿದ್ದರೆ ಪ್ರತಿ ಬದಿಯಲ್ಲಿ ಸುಮಾರು 80 ಕಿಲೊ ಭಾರ ಬೀಳುತ್ತದೆ. ಅದೇ ಕೋನ 20 ಡಿಗ್ರಿಗೆ ಇಳಿದರೆ ಭಾರ 117 ಕಿಲೊ, 10 ಡಿಗ್ರಿಯಾದರೆ 230 ಕಿಲೊ, 5 ಡಿಗ್ರಿಯಾದರೆ ಸುಮಾರು 460 ಕಿಲೊ. ಒಮ್ಮೆಲೇ ಧಪ್ಪನೆ ಕುಳಿತಾಗ ಇದು ಇನ್ನೂ ಹೆಚ್ಚುತ್ತದೆ. ಬಿಗಿಯಾಗಿ ಕಟ್ಟಿದ ಹ್ಯಾಮಕ್‌ನ ಹಗ್ಗ ಹರಿಯುವುದಕ್ಕೂ ಸಣ್ಣ ಮರಗಳು ಬಾಗುವುದಕ್ಕೂ ಇದೇ ಕಾರಣ.

ಆದ್ದರಿಂದ ಬಳಕೆಯಲ್ಲಿರುವ ಗುರಿ 30 ಡಿಗ್ರಿ. ಅದನ್ನು ಅಳೆಯಲು ಉಪಕರಣ ಬೇಕಿಲ್ಲ. ತೋರುಬೆರಳನ್ನು ಅಡ್ಡಕ್ಕೂ ಹೆಬ್ಬೆರಳನ್ನು ಮೇಲಕ್ಕೂ ಚಾಚಿದರೆ ಎರಡರ ತುದಿಗಳನ್ನು ಕೂಡಿಸುವ ಓರೆಗೆರೆಯೇ ಹೆಚ್ಚುಕಡಿಮೆ ಆ ಕೋನ. ಮೂರು ಮೀಟರಿಗಿಂತ ತುಸು ಉದ್ದದ ಹ್ಯಾಮಕ್‌ಗೆ ನಾಲ್ಕರಿಂದ ಐದು ಮೀಟರ್ ಅಂತರದ ಮರಗಳು ಸೂಕ್ತ. ಪಟ್ಟಿಯನ್ನು ಎದೆಯಿಂದ ತಲೆಯವರೆಗಿನ ಎತ್ತರದಲ್ಲಿ ಕಟ್ಟಿದರೆ, ಕುಳಿತಾಗ ಹಾಸಿಗೆ ನೆಲದಿಂದ ಸುಮಾರು 45 ಸೆಂಟಿಮೀಟರ್ ಮೇಲಿರುತ್ತದೆ. ಇದು ಒಂದು ಕುರ್ಚಿಯ ಎತ್ತರ. ಅದಕ್ಕಿಂತ ಮೇಲೆ ಕಟ್ಟುವುದರಿಂದ ಲಾಭವಿಲ್ಲ, ಬಿದ್ದರೆ ಪೆಟ್ಟು ಮಾತ್ರ ಹೆಚ್ಚು.

ನಾಲ್ಕು ವಿಧಾನಗಳು

ಹಗ್ಗ: ಪೇಟೆಯಲ್ಲಿ ಸುಲಭವಾಗಿ ಸಿಗುವ, ಅಗ್ಗದ ಸಾಧನ. ಗಂಟು ಹಾಕಲು ಬಲ್ಲವರಿಗೆ ಯಾವ ಅಂತರಕ್ಕೂ ಹೊಂದುತ್ತದೆ. ಆದರೆ ಗಂಟು ಬಿದ್ದಲ್ಲಿ ಹಗ್ಗದ ಬಲ ಗಣನೀಯವಾಗಿ ಕುಗ್ಗುತ್ತದೆ. ಭಾರ ಬಿದ್ದ ಮೇಲೆ ಬಿಚ್ಚುವುದೂ ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ತೆಳ್ಳಗಿನ ಹಗ್ಗ ತೊಗಟೆಯನ್ನು ಕೊರೆಯುತ್ತದೆ. ಮರಕ್ಕೆ ನೇರವಾಗಿ ಹಗ್ಗ ಬಿಗಿಯುವುದು ಯಾವ ಕಾರಣಕ್ಕೂ ಸಲ್ಲದು.

ಕುಣಿಕೆಗಳ ಪಟ್ಟಿ: ಉದ್ದಕ್ಕೂ ಸಾಲಾಗಿ ಕುಣಿಕೆಗಳನ್ನು ಹೊಲಿದ ಅಗಲ ಪಟ್ಟಿ. ಮರಕ್ಕೆ ಸುತ್ತಿ, ಬೇಕಾದ ಕುಣಿಕೆಗೆ ಹ್ಯಾಮಕ್‌ನ ಕ್ಯಾರಬೈನರ್ ಕೊಂಡಿಯನ್ನು ಸಿಕ್ಕಿಸಿದರೆ ಕೆಲಸ ಮುಗಿಯಿತು. ಗಂಟು ಬಾರದವರಿಗೆ, ಮಕ್ಕಳೊಂದಿಗೆ ಬರುವ ಕುಟುಂಬಗಳಿಗೆ ಇದೇ ಉತ್ತಮ. ತೂಕ ತುಸು ಹೆಚ್ಚು. ಕುಣಿಕೆಗಳ ನಡುವಿನ ಅಂತರಕ್ಕಿಂತ ಸೂಕ್ಷ್ಮವಾಗಿ ಎತ್ತರ ಸರಿಹೊಂದಿಸಲಾಗದು.

ಬಕಲ್ ಪಟ್ಟಿ: ಕುಣಿಕೆಗಳಿಲ್ಲದ ಪಟ್ಟಿಯನ್ನು ಲೋಹದ ಬಕಲ್‌ನೊಳಗೆ ತೂರಿಸಿ ಎಳೆಯುವ ವಿಧಾನ. ಬೆರಳಗಲದಷ್ಟು ಹೆಚ್ಚುಕಡಿಮೆಯನ್ನೂ ಸರಿಪಡಿಸಬಹುದು. ಪಟ್ಟಿ ಒದ್ದೆಯಾದಾಗ ಅಥವಾ ಬಕಲ್‌ಗೆ ಹೊಂದದಷ್ಟು ತೆಳುವಾಗಿದ್ದಾಗ ಮೆಲ್ಲನೆ ಜಾರುವ ಸಾಧ್ಯತೆಯುಂಟು. ಬಕಲ್‌ನ ಹಿಂದೆ ಒಂದು ಜೀರುಗುಣಿಕೆ ಹಾಕಿದರೆ ಆ ಭಯವಿಲ್ಲ.

ವೂಪಿ ಸ್ಲಿಂಗ್: ಡೈನೀಮಾ ಎಂಬ ಅತಿ ಬಲವಾದ ನೂಲಿನ ಟೊಳ್ಳು ಹಗ್ಗವನ್ನು ತನ್ನೊಳಗೇ ತೂರಿಸಿ ಹೆಣೆದ, ಉದ್ದ ಬದಲಿಸಬಲ್ಲ ಕುಣಿಕೆ. ಬೆನ್ನ ಮೇಲೆ ಹೊರೆ ಹೊತ್ತು ಚಾರಣ ಮಾಡುವವರಿಗೆ ಇದರ ಹಗುರತನ ವರದಾನ. ಆದರೆ ಈ ನೂಲು ನುಣುಪಾದುದರಿಂದ ಸಾಮಾನ್ಯ ಗಂಟುಗಳು ಜಾರುತ್ತವೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ ಶಿಬಿರದ ಬೆಂಕಿಯಿಂದ ದೂರವಿಡಬೇಕು. ಮರಗಳು ತೀರ ಹತ್ತಿರವಿದ್ದರೆ ಇದನ್ನು ಬೇಕಾದಷ್ಟು ಗಿಡ್ಡಗೊಳಿಸಲಾಗದು. ಮರಕ್ಕೆ ಸುತ್ತಲು ಪ್ರತ್ಯೇಕ ಅಗಲ ಪಟ್ಟಿ ಬೇಕೇ ಬೇಕು.

ನೂಲು ಯಾವುದು?

ಪಟ್ಟಿಗೆ ಪಾಲಿಯೆಸ್ಟರ್ ಮೊದಲ ಆಯ್ಕೆ. ಅದು ಹಿಗ್ಗುವುದು ಕಡಿಮೆ, ನೀರು ಹೀರುವುದೂ ಕಡಿಮೆ. ನೈಲಾನ್ ಬಲವಾದುದಾದರೂ ಭಾರಕ್ಕೆ ಹಿಗ್ಗುತ್ತದೆ, ಒದ್ದೆಯಾದರೆ ಬಲ ತಗ್ಗುತ್ತದೆ. ರಾತ್ರಿ ಕುರ್ಚಿಯೆತ್ತರದಲ್ಲಿದ್ದ ಹಾಸಿಗೆ ಬೆಳಗಿಗೆ ನೆಲ ಮುಟ್ಟುವುದು ಇದರಿಂದಲೇ. ಪಾಲಿಪ್ರೊಪಿಲೀನ್ ಬಿಸಿಲಿಗೆ ಬೇಗ ಬಿರುಸಾಗುತ್ತದೆ. ಮಂಚಕ್ಕೆ ಹೆಣೆಯುವ ಹತ್ತಿಯ ನವಾರ ನೋಡಲು ಪಟ್ಟಿಯಂತಿದ್ದರೂ ಮಳೆಗೆ ನೆನೆದು ಕೊಳೆಯುವುದರಿಂದ ಈ ಕೆಲಸಕ್ಕೆ ತಕ್ಕುದಲ್ಲ.

ಪಟ್ಟಿಯ ಮೇಲೆ ನಮೂದಿಸಿದ ಅಂಕಿ ಹರಿಯುವ ಮಿತಿಯೋ, ಸುರಕ್ಷಿತವಾಗಿ ಹೊರಬಲ್ಲ ಭಾರವೋ ಎಂಬುದನ್ನು ಓದಿ ತಿಳಿಯಬೇಕು. ಹರಿಯುವ ಮಿತಿಯು ನಿರೀಕ್ಷಿತ ಭಾರದ ಐದು ಪಟ್ಟಾದರೂ ಇರುವುದು ಒಳಿತು. 80 ಕಿಲೊ ವ್ಯಕ್ತಿಗೆ, 30 ಡಿಗ್ರಿ ಕೋನದಲ್ಲಿ, ಪ್ರತಿ ಬದಿಗೆ 400 ಕಿಲೊ. ಕೊಂಡಿಗಳ ಮೇಲೆ ಬಲವನ್ನು ಕಿಲೊನ್ಯೂಟನ್‌ನಲ್ಲಿ ಕೆತ್ತಿರುತ್ತಾರೆ; ಒಂದು ಕಿಲೊನ್ಯೂಟನ್ ಎಂದರೆ ಸುಮಾರು 102 ಕಿಲೊ ಭಾರ. ಯಾವ ಅಂಕಿಯೂ ಇಲ್ಲದ, ಕೀಲಿಗೊಂಚಲಿನ ಕೊಂಡಿಗಳನ್ನು ಬಳಸಲೇಬಾರದು.

ಮರದ ಮಾತು

ಎಲೆಗಳಲ್ಲಿ ತಯಾರಾದ ಆಹಾರವು ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ತೆಳ್ಳಗಿನ ಹಗ್ಗ ಇದೇ ಪದರವನ್ನು ಜಜ್ಜುತ್ತದೆ. ಒಂದು ರಾತ್ರಿಯ ಗುರುತು ಮಾಸಬಹುದು. ಆದರೆ ವಾರವಾರವೂ ಹೊಸ ಅತಿಥಿಗಳು ಅದೇ ಎರಡು ಮರಗಳಿಗೆ ಕಟ್ಟುವಲ್ಲಿ, ಅಥವಾ ಹಗ್ಗವನ್ನು ವರ್ಷಗಟ್ಟಲೆ ಬಿಚ್ಚದೆ ಬಿಡುವಲ್ಲಿ, ಬೆಳೆಯುವ ಕಾಂಡಕ್ಕೆ ಅದೇ ಉರುಳಾಗುತ್ತದೆ. ಪಟ್ಟಿಯ ಅಗಲ ಕನಿಷ್ಠ 2.5 ಸೆಂಟಿಮೀಟರ್ ಇರಬೇಕು. ತೆಳುತೊಗಟೆಯ ಮರಗಳಿಗೆ 5 ಸೆಂಟಿಮೀಟರ್ ಲೇಸು. ಬಿಡಾರ ಕೀಳುವಾಗ ಪಟ್ಟಿ ಬಿಚ್ಚಲೇಬೇಕು. ಮೊಳೆ ಹೊಡೆಯುವ ಮಾತಂತೂ ದೂರ.

ಈ ಭಾಗದ ಕಾಡಿನಲ್ಲಿ ಮೊಸಳೆಚರ್ಮದಂತೆ ಬಿರಿದ ದಪ್ಪ ತೊಗಟೆಯ ಮತ್ತಿ ಭಾರ ಹೊರಲು ಯೋಗ್ಯ. ನಂದಿ ಮರದ ತೊಗಟೆ ನುಣುಪು, ಹಾಳೆಹಾಳೆಯಾಗಿ ಸುಲಿಯುವಂಥದ್ದು. ಅಲ್ಲಿ ಪಟ್ಟಿ ಜಾರಬಹುದು. ತೇಗ ಬಲವಾದುದಾದರೂ ನೆಡುತೋಪುಗಳಲ್ಲಿ ಮರಗಳು ಒತ್ತೊತ್ತಾಗಿರುವುದರಿಂದ ಓರೆಸಾಲಿನ ಜೋಡಿಯನ್ನು ಹುಡುಕಬೇಕಾಗುತ್ತದೆ. ಬೇಸಿಗೆಯಲ್ಲಿ ಅದು ಎಲೆ ಉದುರಿಸುವುದರಿಂದ ನೆರಳನ್ನೂ ನೆಚ್ಚಲಾಗದು. ಬಿದಿರಿಗೆ ಕಟ್ಟಬಾರದು. ಹೊಲಗೇರಿನ ಕಪ್ಪು ಸೊನೆ ತಾಗಿದರೆ ಮೈಮೇಲೆ ಬೊಬ್ಬೆ ಏಳುತ್ತದೆ; ಗುರುತಿಸಲು ಬಾರದವರು ಸ್ಥಳೀಯರನ್ನು ಕೇಳುವುದು ಕ್ಷೇಮ. ಕಟ್ಟುವ ಮೊದಲು ತಲೆಯೆತ್ತಿ ಒಣಕೊಂಬೆಗಳಿವೆಯೇ, ಚಗಳಿ ಇರುವೆಯ ಗೂಡಿದೆಯೇ ಎಂದು ನೋಡಬೇಕು. ಕಾಂಡವನ್ನು ಕೈಯಿಂದ ತಳ್ಳಿದಾಗ ಅಲುಗುವ ಮರ ಬೇಡ.

ಮಳೆ, ನದಿ, ಕಾನೂನು

ಜೋಯಿಡಾದ ಮಳೆಯೇ ಬೇರೆ, ಮುಂಡಗೋಡಿನ ಮಳೆಯೇ ಬೇರೆ. ಜೋಯಿಡಾದ ಪಶ್ಚಿಮ ಭಾಗದಲ್ಲಿ ಕಾಂಡದ ಮೇಲೆ ಹರಿಯುವ ನೀರು ಪಟ್ಟಿಯನ್ನು ಹಿಡಿದು ನೇರ ಹಾಸಿಗೆಗೆ ಇಳಿಯುತ್ತದೆ. ಹ್ಯಾಮಕ್‌ಗೆ ಸ್ವಲ್ಪ ಮುಂಚೆ ಪಟ್ಟಿಗೊಂದು ಹತ್ತಿದಾರ ಕಟ್ಟಿ ಇಳಿಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಒದ್ದೆ ಪಟ್ಟಿಯನ್ನು ಸುತ್ತಿಡದೆ ಒಣಗಿಸಬೇಕು. ಹೊಲಿಗೆ ಬಿಟ್ಟ ಪಟ್ಟಿಯನ್ನು ಎಸೆಯಬೇಕು.

ಕಾಳಿಯ ಅಂಚಿನಲ್ಲೇ ಹಾಸಿಗೆ ಕಟ್ಟುವುದು ಅಪಾಯಕರ. ಗಣೇಶಗುಡಿಯ ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ಪಾತ್ರದಲ್ಲಿ ಮಟ್ಟ ಏರುತ್ತದೆ. ದಾಂಡೇಲಿಯ ಸುತ್ತ ನದಿಯಲ್ಲಿ ಮೊಸಳೆಗಳೂ ಇವೆ. ಇನ್ನು 2007ರಲ್ಲಿ ದಾಂಡೇಲಿ-ಅಣಶಿ ಹೆಸರಿನಲ್ಲಿ ಘೋಷಣೆಯಾಗಿ 2015ರಲ್ಲಿ ಕಾಳಿ ಎಂದು ಮರುನಾಮಕರಣಗೊಂಡ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು, ತಂಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕುಳಗಿಯ ಪ್ರಕೃತಿ ಶಿಬಿರದಂತಹ ಅಧಿಕೃತ ತಾಣಗಳಲ್ಲಿ, ಅಥವಾ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಪಡೆದು ಕಟ್ಟುವುದೇ ಸರಿಯಾದ ದಾರಿ.

ಒಟ್ಟಿನಲ್ಲಿ, ಹೊಸಬರಿಗೆ ಸುಮಾರು ಮೂರು ಮೀಟರ್ ಉದ್ದದ ಪಾಲಿಯೆಸ್ಟರ್ ಕುಣಿಕೆ ಪಟ್ಟಿ, ಆಗಾಗ ಶಿಬಿರ ಹೂಡುವವರಿಗೆ ಬಕಲ್ ಪಟ್ಟಿ, ಹೊರೆ ಹೊತ್ತು ನಡೆಯುವವರಿಗೆ ಅಗಲ ಪಟ್ಟಿಯೊಡನೆ ವೂಪಿ ಸ್ಲಿಂಗ್ ಸೂಕ್ತ. ಯಾವುದನ್ನೇ ಆರಿಸಿದರೂ ಮೊದಲು ಕೈಯಿಂದ ಜಗ್ಗಿ, ನಂತರ ನಿಧಾನವಾಗಿ ಕುಳಿತು, ಎಲ್ಲವೂ ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ಕಾಲು ಚಾಚಬೇಕು.