23 ವರ್ಷಗಳ ನಂತರ ಬಂದ ಪದಕ

ಈ ಶಾಲೆಯ ಇತಿಹಾಸ ತರಗತಿಗಳಲ್ಲಿ ನಾನು ತಪ್ಪದೆ ಹೇಳುತ್ತಿದ್ದ ಹೆಸರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರದು.

1954ರಲ್ಲಿ ವಾಯುಪಡೆ ಸೇರಿದ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೋದರು; ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪಾಕಿಸ್ತಾನದ ಕಡೆಯ ವಿವರಗಳಿಂದ ನಿಜ ಹೊರಬಂತು. ತಮ್ಮ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರನ್ನು ಅವರು ಎದುರಿಸಿ ಹೊಡೆದುರುಳಿಸಿದ್ದರು. ಅದರ ಪೈಲಟ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡರು, ದೇವಯ್ಯ ಉಳಿಯಲಿಲ್ಲ. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಸಾಹಸ ಮಾಡಿದವರು ಅದನ್ನು ಹೇಳಲು ಉಳಿಯದೆ ಹೋಗಬಹುದು. ವಿಚಾರಿಸಿ ಬರೆದಿಡುವವರು ಬೇಕು. ನನ್ನ ವಿದ್ಯಾರ್ಥಿಗಳಿಂದ ನಾನು ಬಯಸಿದ್ದು ಇಷ್ಟನ್ನೇ.