ಮಿಠಾಯಿಯ ಬಣ್ಣ, ಮಗುವಿನ ಮನಸ್ಸು

ಜಾತ್ರೆಯಲ್ಲಿ ಮಿಠಾಯಿ ಅಂಗಡಿಯ ಮುಂದೆ ನಿಂತ ಮಗು ಮೊದಲು ಕೈ ಚಾಚುವುದು ಯಾವುದಕ್ಕೆ? ಕೆಂಪಗೆ, ಹಳದಿಯಾಗಿ ಹೊಳೆಯುವುದಕ್ಕೆ. ಇದನ್ನು ನೀವೇ ಕಂಡಿದ್ದೀರಿ. ನಾಲಗೆಗಿಂತ ಮೊದಲು ಕಣ್ಣು ರುಚಿ ನೋಡುತ್ತದೆ. ವ್ಯಾಪಾರಿಗಳು ಈ ಗುಟ್ಟನ್ನು ಅರಿತದ್ದು ಇಂದು ನಿನ್ನೆಯಲ್ಲ.

ಲಂಡನ್ನಿನಲ್ಲಿದ್ದ ಫ್ರೆಡ್ರಿಕ್ ಅಕ್ಕುಮ್ ಎಂಬ ರಸಾಯನಶಾಸ್ತ್ರಜ್ಞರು 1820ರಲ್ಲಿ ಆಹಾರದ ಕಲಬೆರಕೆಯನ್ನು ಕುರಿತು ಒಂದು ಗ್ರಂಥ ಬರೆದರು. ಮಕ್ಕಳ ಮಿಠಾಯಿಗೆ ಸೀಸ, ತಾಮ್ರಗಳ ವಿಷಬಣ್ಣ ಬೆರೆಸುತ್ತಿದ್ದುದನ್ನು ಅದರಲ್ಲಿ ಬಯಲಿಗೆಳೆದರು. 1856ರಲ್ಲಿ ಅದೇ ನಗರದಲ್ಲಿ 18 ವರ್ಷದ ತರುಣ ವಿಲಿಯಂ ಪರ್ಕಿನ್, ಕಲ್ಲಿದ್ದಲಿನ ಟಾರಿನಿಂದ ದೊರೆಯುವ ವಸ್ತುವಿನಿಂದ ಮಲೇರಿಯದ ಮದ್ದಾದ ಕ್ವಿನೈನನ್ನು ತಯಾರಿಸಲು ಹೊರಟ. ಮದ್ದು ಬರಲಿಲ್ಲ, ನೇರಳೆ ಬಣ್ಣ ಬಂದಿತು! ಅದರ ಬೆನ್ನಿಗೇ ಇಂಥ ಅನೇಕ ಬಣ್ಣಗಳು ಹುಟ್ಟಿದವು. ಅಗ್ಗವಾಗಿ ದೊರೆಯುತ್ತಿದ್ದ ಅವು ಬಟ್ಟೆಯಿಂದ ತಿನಿಸಿಗೂ ಇಳಿದವು.

ಸರ್ಕಾರಗಳು ಕಾನೂನು ಮಾಡಿ, ಕೆಲವು ಬಣ್ಣಗಳನ್ನು ಮಾತ್ರ ಒಪ್ಪಿದವು. ಆದರೂ 1950ರಲ್ಲಿ ಅಮೆರಿಕದ ಹ್ಯಾಲೋವೀನ್ ಹಬ್ಬದ ಕಾಲಕ್ಕೆ, ಒಪ್ಪಿಗೆ ಪಡೆದಿದ್ದ ಬಣ್ಣವೊಂದು ಹೆಚ್ಚಾಗಿ ಬೆರೆತ ಕಿತ್ತಳೆವರ್ಣದ ಮಿಠಾಯಿ ತಿಂದು ಅನೇಕ ಮಕ್ಕಳು ಕಾಯಿಲೆ ಬಿದ್ದರು.

ಅದು ಹೊಟ್ಟೆಯ ಮಾತಾಯಿತು. ಮನಸ್ಸಿನ ಮಾತನ್ನೆತ್ತಿದವರು ಸ್ಯಾನ್‌ಫ್ರಾನ್ಸಿಸ್ಕೋದ ವೈದ್ಯ ಬೆಂಜಮಿನ್ ಫೈನ್‌ಗೋಲ್ಡ್. ಕೆಲವು ಮಕ್ಕಳು ಒಂದೆಡೆ ಕೂರದೆ ಚಡಪಡಿಸುವುದಕ್ಕೆ ಕೃತಕ ಬಣ್ಣವೂ ಕಾರಣವೆಂದು ಅವರು 1973ರಲ್ಲಿ ಸಾರಿದರು. ತಾಯಂದಿರು ನಂಬಿದರು, ವಿಜ್ಞಾನಿಗಳು ತಲೆಯಾಡಿಸಲಿಲ್ಲ. ಅನಂತರದ ಪರೀಕ್ಷೆಗಳಲ್ಲಿ ಅವರು ಹೇಳಿದಷ್ಟು ದೊಡ್ಡ ಪರಿಣಾಮ ಕಾಣಲಿಲ್ಲ.

ಹಾಗಾದರೆ ಎಲ್ಲವೂ ಬರಿಯ ಭ್ರಮೆಯೆ? ಅದೂ ಅಲ್ಲ. ಇಂಗ್ಲೆಂಡಿನ ಸೌತ್‌ಹ್ಯಾಂಪ್ಟನ್ ವಿಶ್ವವಿದ್ಯಾನಿಲಯದವರು 3 ವರ್ಷದ 153 ಮಕ್ಕಳಿಗೂ 8–9 ವರ್ಷದ 144 ಮಕ್ಕಳಿಗೂ ಹಣ್ಣಿನ ಪಾನೀಯ ಕುಡಿಸಿ ನೋಡಿದರು. ಕೆಲವು ದಿನ ಬಣ್ಣವೂ ಸೋಡಿಯಂ ಬೆಂಜೋಯೇಟೂ ಬೆರೆತ ಪಾನೀಯ, ಕೆಲವು ದಿನ ಬೆರೆಯದ್ದು. ಯಾವುದು ಯಾವುದೆಂದು ಮಕ್ಕಳಿಗೂ ತಿಳಿಯದು, ತಂದೆತಾಯಿಗಳಿಗೂ ತಿಳಿಯದು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು: ಬೆರಕೆಯ ಪಾನೀಯ ಕುಡಿದಾಗ ಚಡಪಡಿಕೆ ಸರಾಸರಿಯಲ್ಲಿ ಸ್ವಲ್ಪ ಹೆಚ್ಚಿತ್ತು. ಎಲ್ಲ ಮಕ್ಕಳಲ್ಲಿಯೂ ಅಲ್ಲ. ಯಾವ ಬಣ್ಣದಿಂದ ಎಂಬುದೂ ಇತ್ಯರ್ಥವಾಗಲಿಲ್ಲ.

ಇಷ್ಟು ಸಣ್ಣ ಪರಿಣಾಮಕ್ಕೆ ಇಷ್ಟೊಂದು ಗದ್ದಲವೇಕೆ ಎನ್ನುವಿರಾ? ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡಿ. ಬಣ್ಣದಿಂದ ಮಗುವಿಗೆ ಪುಷ್ಟಿಯಿಲ್ಲ, ರುಚಿಯೂ ಇಲ್ಲ. ಲಾಭವೆಲ್ಲ ಮಾರುವವನದು, ಅಪಾಯ ಎಷ್ಟೇ ಸಣ್ಣದಾಗಲಿ, ಅದು ಮಗುವಿನದು. ಇದನ್ನರಿತೇ ಐರೋಪ್ಯ ಒಕ್ಕೂಟ 2010ರಿಂದ, ಸೌತ್‌ಹ್ಯಾಂಪ್ಟನ್ನಿನಲ್ಲಿ ಪರೀಕ್ಷಿಸಿದ 6 ಬಣ್ಣಗಳಿಗೆ ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಯಲ್ಲಿ ಸಿಕ್ಕಿದ ರೋಡಮೈನ್-ಬಿ ಎಂಬುದಂತೂ ತಿನ್ನಲೇಬಾರದ ಬಟ್ಟೆಯ ಬಣ್ಣ.

ಮಕ್ಕಳ ತುಂಟತನವೆಲ್ಲ ಬಣ್ಣದಿಂದಲೇ ಎಂದು ತಿಳಿಯಬೇಡಿ. ತುಂಟತನ ಬಾಲ್ಯದ ಹಕ್ಕು. ಆದರೆ ಪೊಟ್ಟಣದ ಮೇಲೆ 102, 110, 122, 124 ಎಂಬ ಅಂಕಿಗಳು ಕಂಡರೆ ಅವು ಈ ಬಣ್ಣಗಳ ಗುರುತೆಂದು ನೆನಪಿಡಿ. ಮುಂದಿನ ಹಬ್ಬದ ಕೇಸರಿಬಾತಿಗೆ ಎರಡೆಳೆ ಕೇಸರಿಯೋ ಚಿಟಿಕೆ ಅರಿಸಿನವೋ ಸಾಕು. ಬಣ್ಣ ಕೊಂಚ ಮಂಕಾದೀತು. ಬಟ್ಟಲು ಮಾತ್ರ ಎಂದಿನಂತೆ ಬರಿದಾದೀತು.