ಗಿಟಾರಿಗೆ ಬಂದ ತತ್ವಪದ

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಹೊರಬಂದದ್ದು 2008ರಲ್ಲಿ. ಸಿನಿಮಾದ ಹಂಗಿಲ್ಲದೆ, ತಾವೇ ಹಾಡು ಕಟ್ಟಿ ತಾವೇ ನುಡಿಸುವ ತಂಡಗಳ ಸಂಗೀತವನ್ನು ಇಂದಿನ ಯುವಕರು ‘ಇಂಡಿ’ ಎಂದು ಕರೆಯುತ್ತಾರೆ. ಅದರಲ್ಲಿ ಡ್ರಮ್ಮು, ಗಿಟಾರಿನ ಅಬ್ಬರ ಇರುವುದು ಇಂಡಿ ರಾಕ್. ಆ ಆಲ್ಬಂನ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಗುಡುಗುಡಿಯ ಪದವೂ ಇತ್ತು. 2013ರ ಎರಡನೆಯ ಆಲ್ಬಂನಲ್ಲಿಯೂ ಶರೀಫರು ಬಂದರು. ಹಳ್ಳಿಯ ಭಜನೆಯ ಕಟ್ಟೆಯಲ್ಲಿ ಏಕತಾರಿ, ದಮ್ಮಡಿಯ ಜೊತೆ ಕೇಳುತ್ತಿದ್ದ ಪದ ಕಾಲೇಜು ಉತ್ಸವಗಳ ವೇದಿಕೆ ಏರಿತು. ಸಾವಿರಾರು ಹುಡುಗರು ಅದಕ್ಕೆ ಕುಣಿದರು. ಕುಣಿದು ದಣಿದ ಮೇಲೆ ಕೆಲವರಾದರೂ ಕೇಳಿದರು: ಇದರ ಅರ್ಥವೇನು?

ಗುಡುಗುಡಿ ಎಂದರೆ ಹುಕ್ಕಾ. ಇದೊಂದು ನಶೆಯ ಹಾಡು ಎಂದು ನಂಬಿ ಕುಣಿದವರೇ ಹೆಚ್ಚು ಎಂದರೆ ತಪ್ಪಾಗಲಾರದು. ತತ್ವಪದ ಬಲ್ಲವರಿಗೆ ಅದು ದೇಹ. ಅದರೊಳಗೆ ಓಡಾಡುವುದು ಉಸಿರು. ಈ ಎರಡು ತಿಳಿವಳಿಕೆಗಳ ನಡುವಿನ ಅಂತರವನ್ನು ಕಂಡು ನಗುವುದು ಸುಲಭ. ಆದರೆ ಪದದ ಅರ್ಥ ಕೇಳುವುದು, ಹೇಳುವುದು, ಅದಕ್ಕಾಗಿ ರಾತ್ರಿಯಿಡೀ ಜಗಳಾಡುವುದು ನಮ್ಮ ಬೆಳಗಾವಿ–ಧಾರವಾಡ ಸೀಮೆಯಲ್ಲಿ ಬಹಳ ಹಳೆಯ ಕಸುಬು. ಗಿಟಾರಿನ ಹುಡುಗರು ಆ ಸಾಲಿನ ಕೊನೆಯಲ್ಲಿ ಬಂದು ನಿಂತಿದ್ದಾರೆ, ಅಷ್ಟೆ.

ಶರೀಫರು ಹುಟ್ಟಿದ್ದು 1819ರಲ್ಲಿ, ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ, ಇಂದು ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನಲ್ಲಿರುವ ಶಿಶುವಿನಹಾಳದಲ್ಲಿ. ತಂದೆ ಇಮಾಮ್ ಸಾಹೇಬರು. ಹುಲಗೂರಿನ ಖಾದರಿ ಸೂಫಿ ಸಂತರ ಹರಕೆಯಿಂದ ಹುಟ್ಟಿದ ಮಗು ಎಂಬುದು ಜನರ ನಂಬಿಕೆ. ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದರು. ಕಳಸದ ಗೋವಿಂದಭಟ್ಟರು ಗುರುವಾಗಿ ಸಿಕ್ಕ ಮೇಲೆ ಅವರ ದಾರಿಯೇ ಬೇರೆಯಾಯಿತು. 1889ರಲ್ಲಿ ತೀರಿಕೊಂಡರು. ಅವರು ಪದಗಳನ್ನು ಪುಸ್ತಕ ಮಾಡಿ ಮಾರಿದವರಲ್ಲ. ಕೇಳಿದವರ ಬಾಯಲ್ಲಿ ಪದಗಳು ಉಳಿದವು. ಬಾಯಲ್ಲಿ ಉಳಿದದ್ದಕ್ಕೆ ಪಾಠಾಂತರಗಳು ಸಹಜ. ಪಾಠಾಂತರ ಬಂದಲ್ಲಿ ಅರ್ಥಾಂತರವೂ ಬರುತ್ತದೆ.

ಅವರ ಪದಗಳಲ್ಲೆಲ್ಲ ಹೆಚ್ಚು ತಲೆ ಕೆಡಿಸಿದ್ದು ಕೋಡಗವನ್ನು ಕೋಳಿ ನುಂಗುವ ಪದ. ಅಲ್ಲಿ ಸಣ್ಣದು ದೊಡ್ಡದನ್ನು ನುಂಗುತ್ತದೆ. ಕುಣಿಯಲು ಬಂದವಳನ್ನು ಮದ್ದಳೆ ನುಂಗುತ್ತದೆ, ನೆಲ್ಲು ಮೆಲ್ಲಲು ಬಂದ ಮುದುಕಿ ನೆಲ್ಲಿಗೇ ತುತ್ತಾಗುತ್ತಾಳೆ, ಮಗ್ಗದಲ್ಲಿ ಕುಳಿತವನನ್ನು ಮಗ್ಗವೇ ಬಿಡುವುದಿಲ್ಲ. ಹೀಗೆ ತಲೆಕೆಳಗಾಗಿ ಮಾತಾಡುವ ರೀತಿಗೆ ಕನ್ನಡದಲ್ಲಿ ಬೆಡಗು ಎಂದು ಹೆಸರು. 12ನೇ ಶತಮಾನದಲ್ಲಿ ಅಲ್ಲಮಪ್ರಭು ಇದರಲ್ಲಿ ಪಳಗಿದವನು. ಉತ್ತರದಲ್ಲಿ ಕಬೀರನ ಇಂಥ ಪದಗಳನ್ನು ಉಲಟ್‌ಬಾಂಸಿ ಎನ್ನುತ್ತಾರೆ.

ಸಾಮಾನ್ಯವಾಗಿ ಇದಕ್ಕೆ ಹೇಳುವ ಅರ್ಥ ಒಂದು ಪಟ್ಟಿಯ ಹಾಗಿರುತ್ತದೆ: ಕೋಡಗ ಎಂದರೆ ಚಂಚಲ ಮನಸ್ಸು, ಕೋಳಿ ಎಂದರೆ ಅರಿವು, ಹೀಗೆ. ಆದರೆ ಪದವನ್ನು ಕೊನೆಯವರೆಗೆ ಕೇಳಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಇದರಲ್ಲಿ ನುಂಗಿಸಿಕೊಳ್ಳುವ ಮನುಷ್ಯರೆಲ್ಲ ಯಾವುದೋ ಕೆಲಸದಲ್ಲಿ ತೊಡಗಿದವರು. ತಾವೇ ಆ ಕೆಲಸದ ಯಜಮಾನರು ಎಂದು ತಿಳಿದವರು. ಅವರು ಹಿಡಿದದ್ದೇ ಅವರನ್ನು ಹಿಡಿಯುತ್ತದೆ. ಕಟ್ಟಕಡೆಗೆ ಪದ ಹಾಡುತ್ತಿರುವವನ ಸರದಿ. ಗುರುವಿನ ಪಾದವನ್ನು ಹಿಡಿಯಲು ಹೋದವನು ಆ ಪಾದದೊಳಗೇ ಇಲ್ಲವಾಗುತ್ತಾನೆ. ಸೂಫಿಗಳು ‘ಫನಾ’ ಎಂದು ಹೇಳುವುದಕ್ಕೆ ಇದು ಬಹಳ ದೂರದ್ದಲ್ಲ. ಬರೀ ಒಗಟಾಗಿದ್ದರೆ ಒಡೆದ ಮೇಲೆ ಯಾರೂ ಮತ್ತೆ ಹಾಡುತ್ತಿರಲಿಲ್ಲ.

ಮನೆಯ ವಸ್ತುಗಳನ್ನು ಹಿಡಿದು ಪರಮಾರ್ಥ ಹೇಳುವ ಕ್ರಮ ಶರೀಫರಿಗಿಂತ ಹಳೆಯದು. ಪಕ್ಕದ ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ‘ಚಕ್ಕೀನಾಮಾ’, ‘ಚರಖಾನಾಮಾ’ ಎಂಬ ದಖನಿ ಪದಗಳಿವೆ. ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಳ್ಳುತ್ತಿದ್ದ ಪದಗಳವು. ಬಿಜಾಪುರದ ಸೂಫಿಗಳ ಮೇಲೆ 1978ರಲ್ಲಿ ಗ್ರಂಥ ಪ್ರಕಟಿಸಿದ ಇತಿಹಾಸಕಾರ ರಿಚರ್ಡ್ ಈಟನ್, ಇಸ್ಲಾಮಿನ ವಿಚಾರಗಳು ದಖ್ಖನ್ನಿನ ಹಳ್ಳಿಮನೆಗಳಿಗೆ ತಲುಪಿದ ದಾರಿಗಳಲ್ಲಿ ಇದೂ ಒಂದು ಎಂದು ವಾದಿಸಿದ್ದಾರೆ. ಬೀಸುಕಲ್ಲಿನ ನೆಟ್ಟಗಿನ ಹಿಡಿಯನ್ನು ಅಲಿಫ್ ಅಕ್ಷರಕ್ಕೆ, ಅಲ್ಲಿಂದ ಅಲ್ಲಾಹನ ಹೆಸರಿಗೆ ಹೋಲಿಸುವ ಚಕ್ಕೀನಾಮಾ ಉಂಟು. ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಚಕ್ಕೀನಾಮಾ ತನ್ನ ಅರ್ಥವನ್ನು ತಾನೇ ಬಿಡಿಸಿ ಹೇಳುತ್ತದೆ, ಏಕೆಂದರೆ ಬೀಸುವ ಹೆಣ್ಣಿನ ಪಕ್ಕದಲ್ಲಿ ಮುರ್ಷಿದ್ ಕುಳಿತಿರುವುದಿಲ್ಲ. ಶರೀಫರ ಪದ ಅರ್ಥವನ್ನು ಮುಚ್ಚಿಡುತ್ತದೆ, ಏಕೆಂದರೆ ಕೇಳುವವನು ಎದ್ದು ಗುರುವಿನ ಬಳಿಗೆ ಹೋಗಲಿ ಎಂಬುದೇ ಅದರ ಹಂಚಿಕೆ.

ಇನ್ನು ಅರ್ಥವನ್ನು ಬಯಲಿಗೆ ತಂದು ಕುಸ್ತಿ ಆಡಿಸಿದವರು ಹರದೇಶಿ–ನಾಗೇಶಿ ಮೇಳದವರು. ಒಂದು ಮೇಳ ಶಿವನನ್ನು, ಗಂಡನ್ನು ಮೇಲೆಂದರೆ ಇನ್ನೊಂದು ಮೇಳ ಶಕ್ತಿಯನ್ನು, ಹೆಣ್ಣನ್ನು ಮೇಲೆನ್ನುತ್ತದೆ. ಜಾತ್ರೆಯ ರಾತ್ರಿ ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಎದುರಿನವರು ಪದದಲ್ಲೇ ಜವಾಬು ಕೊಡಬೇಕು. ಅರ್ಥ ಹೇಳಲಾಗದವನು ಸೋತಂತೆ. ಉತ್ತರ ಕರ್ನಾಟಕದ ಈ ಲಾವಣಿ ಲೋಕದಲ್ಲಿ ಮುಸ್ಲಿಮರ ಪಾಲು ದೊಡ್ಡದು. ಹಲಸಂಗಿಯ ಖಾಜಾಭಾಯಿ ಲಾವಣಿಕಾರರಾಗಿ ಹೆಸರಾದವರು. ಈ ಸೀಮೆಯಲ್ಲಿ ಅರ್ಥ ಹೇಳುವ ಅಧಿಕಾರ ಪಂಡಿತರಿಗೋ ಮುಲ್ಲಾಗಳಿಗೋ ಮೀಸಲಾಗಿರಲಿಲ್ಲ ಎಂಬುದಕ್ಕೆ ಈ ಮೇಳಗಳೇ ಸಾಕ್ಷಿ.

ಶರೀಫರು ಇನ್ನೂ ಬದುಕಿದ್ದಾಗಲೇ ಮತ್ತೊಬ್ಬ ಅರ್ಥಗಾರ ಇದೇ ಸೀಮೆಯ ಹಾಡುಗಳ ಬೆನ್ನು ಹತ್ತಿದ್ದ. ಮುಂಬಯಿ ಸರಕಾರದ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್. ಅವನು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿಯ ಬೇಡರ ಲಾವಣಿ, ಬೈಲಹೊಂಗಲದ ಸಂಗ್ಯಾನ ಕೊಲೆಯ ಲಾವಣಿ ಅದರಲ್ಲಿವೆ. ಫ್ಲೀಟ್ ಹುಡುಕಿದ್ದು ವಾರ್ತೆಯನ್ನು: ಯಾರು, ಯಾವಾಗ, ಎಲ್ಲಿ. ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಸರಕಾರಿ ಕಾಗದದಲ್ಲಿ ಅವನು ದಂಗೆಕೋರ. ಲಾವಣಿ ಹಾಡುವವನಿಗೆ ಅವನು ಸತ್ತ ದಂಗೆಕೋರನಾಗಿರಲಿಲ್ಲ. ನಂದಗಡದ ಆಲದ ಮರದಡಿಗೆ ಇಂದಿಗೂ ಹರಕೆ ಹೊತ್ತು ಜನ ಬರುತ್ತಾರೆ. ಫ್ಲೀಟನ ಶ್ರಮಕ್ಕೆ ನಾವು ಋಣಿಗಳು, ಅವನಿಂದಾಗಿ ಪಾಠಗಳು ಉಳಿದವು. ಆದರೆ ಹಾಡಿನಿಂದ ವಾರ್ತೆಯನ್ನಷ್ಟೇ ಹಿಂಡಿ ತೆಗೆಯುವವನಿಗೆ ಕೋಡಗನ ಪದದಲ್ಲಿ ಏನೂ ಸಿಗುವುದಿಲ್ಲ.

ಬೆಳಗಾವಿಯ ರಾಮತೀರ್ಥ ನಗರ ಹೊಸ ಬಡಾವಣೆ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಗಲ್ಲಿಯಲ್ಲಿ ಕೇಳಿಸುತ್ತವೆ. ಬಾಡಿಗೆ ಕೋಣೆಯಲ್ಲಿ ಗಿಟಾರು ಇಟ್ಟುಕೊಂಡಿದ್ದ ನಾಲ್ವರು ವಿದ್ಯಾರ್ಥಿಗಳು ಒಮ್ಮೆ ನನ್ನನ್ನು ತಡೆದು, “ಚಾಚಾ, ಶರೀಫರ ಪದದ ಖರೇ ಅರ್ಥ ಏನ್ರಿ?” ಎಂದು ಕೇಳಿದರು. ‘ಖರೇ ಅರ್ಥ’ ಎಂಬ ಮಾತು ನನಗೆ ಹಿಡಿಸಿತು. ಅವರ ಬಳಿ ಕೋಡಗ ಎಂದರೆ ಇದು, ಕೋಳಿ ಎಂದರೆ ಅದು ಎಂಬ ಪಟ್ಟಿ ಆಗಲೇ ಇತ್ತು. ಅದನ್ನು ಯಾರಾದರೂ ಹಿರಿಯರು ಸಹಿ ಹಾಕಿ ಖಾತ್ರಿ ಮಾಡಬೇಕಿತ್ತು. ನಾನು ಸಹಿ ಹಾಕಲಿಲ್ಲ. ಅವರು ಕೇಳಿದ್ದು ತಪ್ಪೆಂದಲ್ಲ. ಅಮೆರಿಕದ ಬಾಬ್ ಡೈಲನ್, 2016ರಲ್ಲಿ ಹಾಡು ಬರೆದೇ ಸಾಹಿತ್ಯದ ನೊಬೆಲ್ ಪಡೆದಾತ, ಅವನ ಹಾಡುಗಳ ಅರ್ಥ ತಿಳಿಯಲೆಂದು ಒಬ್ಬ ಅಭಿಮಾನಿ 1970ರ ಆಸುಪಾಸಿನಲ್ಲಿ ಅವನ ಮನೆಯ ಕಸದ ಡಬ್ಬಿಯನ್ನೇ ಕೆದಕಿದ್ದನಂತೆ! ನಮ್ಮಲ್ಲಿಯೂ ಇಂಥವರಿದ್ದಾರೆ. ಮನೆ ಸೋರುವ ಪದ ಕೇಳಿದೊಡನೆ ಶರೀಫರ ಮನೆಯ ಹಂಚು ಎಣಿಸತೊಡಗುತ್ತಾರೆ.

ಕಸದ ಡಬ್ಬಿಗಿಂತ ದೊಡ್ಡ ತೊಡಕು ಬೇರೆ ಇದೆ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡ್ ಗೋವಿಂದಭಟ್ಟರಾದರು, ಸಿ. ಅಶ್ವಥ್ ರಾಗ ಹಾಕಿದರು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ಕಂಠದಿಂದ ಶರೀಫರು ಕನ್ನಡದ ಮನೆಮನೆಗೆ ಹೋದರು. ಇದು ಸಣ್ಣ ಉಪಕಾರವಲ್ಲ. ಆದರೆ ಅಂದಿನಿಂದ ಶರೀಫರ ಪದಗಳಿಗೆಲ್ಲ ಒಂದೇ ಅರ್ಥ ಅಂಟಿಕೊಂಡಿತು: ಭಾವೈಕ್ಯ. ಸಭೆಗಳಲ್ಲಿ ಸ್ವಾಗತ ಭಾಷಣದ ಬಳಿಕ ಶರೀಫರ ಒಂದು ಪದ ಹಾಡಿಸಿದರೆ ಸೌಹಾರ್ದದ ಕೆಲಸ ಮುಗಿಯಿತು. ಮುಸಲ್ಮಾನ ಹೇಗಿರಬೇಕು ಎಂಬುದಕ್ಕೆ ಅವರನ್ನು ಪ್ರಮಾಣಪತ್ರದಂತೆ ಹಿಡಿದು ತೋರಿಸುವವರಿದ್ದಾರೆ. ಇತ್ತ ನಮ್ಮವರಲ್ಲಿ ಕೆಲವರು, ಭಟ್ಟರ ಶಿಷ್ಯನಾದವನು ನಮ್ಮವನೇ ಅಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಇಬ್ಬರೂ ಪದ ಕೇಳಿಸಿಕೊಂಡವರಲ್ಲ, ಹೆಸರು ಕೇಳಿಸಿಕೊಂಡವರು. ಕಬೀರ ತೀರಿಕೊಂಡಾಗ ಸುಡಬೇಕೋ ಹೂಳಬೇಕೋ ಎಂದು ಜಗಳವಾಯಿತೆಂದೂ ಚಾದರದ ಕೆಳಗೆ ಹೂವುಗಳಷ್ಟೇ ಉಳಿದಿದ್ದವೆಂದೂ ಐತಿಹ್ಯ. ಶರೀಫರಿಗೆ ಎರಡೂ ಕಡೆಯವರು ತಮ್ಮ ತಮ್ಮ ವಿಧಿ ನಡೆಸಿದರೆಂದು ಹೇಳುತ್ತಾರೆ. ಆ ಹಳ್ಳಿಗರಿಗೆ ಇದ್ದ ಹೊಂದಾಣಿಕೆಯ ಬುದ್ಧಿ ಪದಗಳ ವಿಷಯದಲ್ಲಿ ನಮಗೆ ಇನ್ನೂ ಬಂದಿಲ್ಲ.

ಇದರ ಪರಿಣಾಮ ಆಯ್ಕೆಯಲ್ಲಿ ಕಾಣುತ್ತದೆ. ಕ್ಯಾಸೆಟ್ಟಿನವರು ಆರಿಸಿದ ಹತ್ತಿಪ್ಪತ್ತು ಪದಗಳನ್ನೇ ಬ್ಯಾಂಡಿನವರೂ ಹಿಡಿದರು. ಶರೀಫರು ಮೊಹರಮ್ಮಿಗಾಗಿ ಕಟ್ಟಿದ ಅಲಾವಿಯ ಪದಗಳಿವೆ. ಕರ್ಬಲಾದ ಹಸನ್–ಹುಸೇನರ ಕಥೆಯನ್ನು ಹೇಳುವ ರಿವಾಯತ್ ಪದಗಳನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಿಂದೂ–ಮುಸ್ಲಿಮರು ಕೂಡಿ ಹಾಡುತ್ತಾರೆ. ಹೆಜ್ಜೆ ಹಾಕುವವರಲ್ಲಿ ಯಾರು ಯಾರೆಂದು ಹೊರಗಿನವನಿಗೆ ತಿಳಿಯದು. ಎದೆ ಒಡೆಯುವ ದುಃಖ, ಅನ್ಯಾಯದ ಎದುರಿನ ಸಿಟ್ಟು, ಒಂದೇ ಲಯದ ಹೆಜ್ಜೆ ಎಲ್ಲವೂ ಅಲ್ಲುಂಟು. ರಾಕ್ ಸಂಗೀತಕ್ಕೆ ಬೇಕಾದದ್ದು ಇನ್ನೇನು? ಆದರೂ ಅಲಾವಿಯ ಶರೀಫರು ಗಿಟಾರಿನ ಹತ್ತಿರ ಸುಳಿದದ್ದು ಕಾಣೆ. ಗುರುಪಾದದ ಶರೀಫರನ್ನು ಕರೆದು ಅಲಾವಿಯ ಶರೀಫರನ್ನು ಹೊರಗೆ ನಿಲ್ಲಿಸಿದರೆ ಗುರುಪಾದದ ಪದವೂ ಅರ್ಧವೇ ತಿಳಿಯುತ್ತದೆ.

ಅರ್ಥವನ್ನು ಮಾತಿನಲ್ಲಿ ಹೇಳದೆ ಸ್ವರದಲ್ಲಿ ಹೇಳಿದ ಒಬ್ಬರು ನಮ್ಮ ಬೆಳಗಾವಿಯ ಮಗ್ಗುಲಲ್ಲೇ ಹುಟ್ಟಿದರು. ಸುಳೇಭಾವಿಯ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವ, ಜನನ 1924ರ ಏಪ್ರಿಲ್ 8. ಕ್ಷಯ ಹಿಡಿದು 1948ರಲ್ಲಿ ದೇವಾಸಕ್ಕೆ ಹೋಗಿ ಹಲವು ವರ್ಷ ಹಾಡದೆ ಮಲಗಿದ್ದ ಅವರ ಕಿವಿಗೆ ಮಾಳವದ ಜೋಗಿಗಳ ನಿರ್ಗುಣಿ ಪದ ಬಿತ್ತು. ಎದ್ದ ಮೇಲೆ ಅವರು ಹಾಡಿದ ಕಬೀರ ಬೇರೆಯೇ ಕಬೀರ. ತುಂಡು ತುಂಡು ಉಸಿರು, ನಡುವೆ ಬಯಲಿನಂಥ ಮೌನ. ಮುಂದೆ ದಿಲ್ಲಿಯ ಇಂಡಿಯನ್ ಓಷನ್ ಎಂಬ ರಾಕ್ ತಂಡ 2003ರ ‘ಝೀನಿ’ ಆಲ್ಬಂನಲ್ಲಿ, ದೇಹವನ್ನು ನೆಯ್ದ ಚಾದರಕ್ಕೆ ಹೋಲಿಸುವ ಕಬೀರನ ಪದ ಹಾಡಿತು. ಕಬೀರ ಜಾತಿಯಿಂದ ಜುಲಾಹ, ನೇಕಾರ. ಅವನ ಚಾದರಕ್ಕೂ ಶರೀಫರ ಮಗ್ಗಕ್ಕೂ ನಂಟು ಹೇಳಿಕೊಡಲು ಬೆಳಗಾವಿಯಲ್ಲಿ ಪಂಡಿತರು ಬೇಕಿಲ್ಲ. ಶಹಾಪುರ, ವಡಗಾವಿ, ಖಾಸಬಾಗದ ಮನೆಗಳಲ್ಲಿ ಹಾಸು, ಹೊಕ್ಕು, ಲಾಳಿ ದಿನಬಳಕೆಯ ಮಾತುಗಳು.

ಆ ನಾಲ್ವರನ್ನು ನಾನು ವಡಗಾವಿಯ ಒಬ್ಬ ವೃದ್ಧ ನೇಕಾರರ ಬಳಿಗೆ ಕಳಿಸಿದೆ. ಕೋಡಗನ ಪದದಲ್ಲಿ ಮಗ್ಗದಲ್ಲಿರುವವನನ್ನು ನುಂಗುವುದು ಯಾವುದು ಎಂಬಲ್ಲಿ ಹಾಡುವವರು ಭಿನ್ನ ಪಾಠ ಹೇಳುತ್ತಾರೆ; ಕೆಲವರದು ‘ಕುಣಿ’. ಹುಡುಗರು ಅದನ್ನು ಗೋರಿ ಎಂದು ತಿಳಿದಿದ್ದರು. ನಮ್ಮ ಕಡೆ ಹೆಣ ಹೂಳಲು ತೋಡುವುದೂ ಕುಣಿಯೇ ಆದ್ದರಿಂದ ಅವರ ತಿಳಿವಳಿಕೆ ಸುಳ್ಳಲ್ಲ. ಅಜ್ಜ ಅವರಿಗೆ ಹಳೆಯ ಕೈಮಗ್ಗ ತೋರಿಸಿದರು. ನೆಲದಲ್ಲಿ ಒಂದು ಗುಂಡಿ. ನೇಕಾರ ಅದರೊಳಗೆ ಕಾಲು ಇಳಿಬಿಟ್ಟು, ಸೊಂಟದವರೆಗೆ ಭೂಮಿಯಲ್ಲಿ ಹೂತವನಂತೆ ಕುಳಿತು ದಿನವಿಡೀ ಲಾಳಿ ಎಸೆಯಬೇಕು. “ಇದೂ ಕುಣಿನ ಅಪ್ಪಾ. ಐವತ್ತು ವರ್ಷ ಕುಂತೀನಿ ಇದರಾಗ” ಎಂದರಂತೆ. ಆ ಮನೆಯ ಮುಂದಿನ ಕೋಣೆಯಲ್ಲಿ ಈಗ ವಿದ್ಯುತ್ ಮಗ್ಗ ಓಡುತ್ತದೆ. ಅದಕ್ಕೆ ಕುಣಿ ಬೇಕಿಲ್ಲ.